ವೇಗವೂ ಇಲ್ಲ, ಎತ್ತರವೂ ಇಲ್ಲ. ಆದರೂ ಕೆನ್ನಿ ಡಾಲ್ಗ್ಲಿಶ್ ಏಕೆ?

ಸ್ಕಾಟ್ಲೆಂಡಿನ ಫುಟ್‌ಬಾಲ್ ಬಗ್ಗೆ ಮಾತು ಬಂದಾಗಲೆಲ್ಲ ನಾನು ಕೆನ್ನಿ ಡಾಲ್ಗ್ಲಿಶ್ ಅವರ ಹೆಸರನ್ನೇ ಮೊದಲು ಹೇಳುವುದರಿಂದ, ಪ್ರೀಮಿಯರ್ ಲೀಗ್ ನೋಡಿ ಬೆಳೆದ ಕಿರಿಯ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಅವರಿಗೆ ಓಟದ ವೇಗ ಇರಲಿಲ್ಲ, ಎತ್ತರವೂ ಅಷ್ಟಕ್ಕಷ್ಟೆ, ವಿಶ್ವಕಪ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ಮತ್ತೆ ಅಷ್ಟು ದೊಡ್ಡ ಆಟಗಾರ ಹೇಗಾದರು?’ ಈ ಗೆಳೆಯರ ಪಾಲಿಗೆ ಡಾಲ್ಗ್ಲಿಶ್ ಎಂದರೆ, ಲಿವರ್‌ಪೂಲ್ ಕ್ಲಬ್ಬಿನ ಮೈದಾನವಾದ ಆನ್‌ಫೀಲ್ಡ್‌ನ ಪ್ರೇಕ್ಷಕರ ನಡುವೆ ಕುಳಿತಿರುವಾಗ ಟಿವಿ ಕ್ಯಾಮೆರಾ ಹುಡುಕಿ ತೋರಿಸುವ ಹಿರಿಯರು, ಅಷ್ಟೆ.

ವೇಗದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಮುಂದೇನು ಮಾಡಬೇಕೆಂದು ತೀರ್ಮಾನಿಸಿಬಿಟ್ಟಿರುವವನಿಗೆ ಓಡಿ ಗೆಲ್ಲಬೇಕಾದ ಸಂದರ್ಭಗಳೇ ಕಡಿಮೆ. ಗೋಲಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ಒತ್ತುವ ರಕ್ಷಣಾ ಆಟಗಾರನನ್ನು ಸೊಂಟದಿಂದಲೇ ತಡೆದು, ಚೆಂಡನ್ನು ಅವನ ಕಾಲಿಗೆ ಎಟುಕದ ಕಡೆ ಇಟ್ಟುಕೊಂಡು, ಜೊತೆಗಾರ ಮುನ್ನುಗ್ಗುವ ಗಳಿಗೆಯವರೆಗೆ ಕಾಯುವುದು ಅವರ ಆಟದ ಜೀವಾಳವಾಗಿತ್ತು. 1980ರ ದಶಕದಲ್ಲಿ ಇಯಾನ್ ರಶ್ ಲಿವರ್‌ಪೂಲ್ ಪರ ಗೋಲುಗಳ ಸುರಿಮಳೆ ಸುರಿಸಿದ್ದರ ಹಿಂದೆ, ಅವರು ಓಡತೊಡಗುವಷ್ಟರಲ್ಲಿ ರಕ್ಷಣಾ ಸಾಲನ್ನು ಸೀಳಿ ಬರುತ್ತಿದ್ದ ಡಾಲ್ಗ್ಲಿಶ್ ಪಾಸ್‌ಗಳ ಪಾಲು ದೊಡ್ಡದು.

ಈ ಕೌಶಲ ಒಂದೇ ದಿನದಲ್ಲಿ ಕೈಗೂಡಿದ್ದಲ್ಲ. 1951ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, ರೇಂಜರ್ಸ್ ಅಭಿಮಾನಿಯಾಗಿ ಬೆಳೆದ ಹುಡುಗ 1967ರಲ್ಲಿ ಸೇರಿದ್ದು ಅದರ ಕಡುವೈರಿ ಸೆಲ್ಟಿಕ್ ಕ್ಲಬ್ಬನ್ನು. ಆ ನಗರದ ಮಟ್ಟಿಗೆ ಇದೇನೂ ಸಣ್ಣ ಸಂಗತಿಯಲ್ಲ. ಅದೇ ವರ್ಷ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಗೆದ್ದ ತಂಡದಲ್ಲಿ ಹೊಸಬನಿಗೆ ಸುಲಭವಾಗಿ ಜಾಗ ಸಿಗುವಂತಿರಲಿಲ್ಲ. ಮ್ಯಾನೇಜರ್ ಜಾಕ್ ಸ್ಟೀನ್ ಈ ಹುಡುಗನನ್ನು ಮೊದಲು ಕಂಬರ್‌ನಾಲ್ಡ್ ಯುನೈಟೆಡ್ ಎಂಬ ಸಣ್ಣ ತಂಡದಲ್ಲಿ ಪಳಗಲು ಕಳುಹಿಸಿದರು. ಮೊದಲ ತಂಡದಲ್ಲಿ ಕಾಯಂ ಸ್ಥಾನ ಸಿಗುವ ಹೊತ್ತಿಗೆ 1971 ಬಂದಿತ್ತು. ಆಮೇಲೆ ನಾಲ್ಕು ಲೀಗ್ ಪ್ರಶಸ್ತಿಗಳು ಬಂದವು.

1977ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ 4,40,000 ಪೌಂಡ್ ತೆತ್ತು ಅವರನ್ನು ಕರೆತಂದಾಗ, ಬ್ರಿಟನ್ನಿನ ಕ್ಲಬ್ಬುಗಳ ನಡುವಿನ ವರ್ಗಾವಣೆಗಳಲ್ಲಿ ಅದು ದಾಖಲೆಯ ಮೊತ್ತವಾಗಿತ್ತು. ಹ್ಯಾಂಬರ್ಗ್‌ಗೆ ಹೊರಟುಹೋದ ಕೆವಿನ್ ಕೀಗನ್ ಅವರ 7ನೇ ಸಂಖ್ಯೆಯ ಅಂಗಿಯೇ ಇವರ ಪಾಲಿಗೆ ಬಂತು. ಆ ಋತುವಿನ ಕೊನೆಗೆ, 1978ರ ಮೇ 10ರಂದು, ವೆಂಬ್ಲಿಯಲ್ಲಿ ಕ್ಲಬ್ ಬ್ರೂಗ್ ವಿರುದ್ಧ ಯುರೋಪಿಯನ್ ಕಪ್ ಫೈನಲ್. ನನ್ನ ಉತ್ತರವನ್ನು ಒಂದೇ ಗೋಲಿನಲ್ಲಿ ತೋರಿಸಿ ಎಂದರೆ ನಾನು ಅಂದಿನ 64ನೇ ನಿಮಿಷವನ್ನೇ ತೋರಿಸುತ್ತೇನೆ. ಗ್ರೇಮ್ ಸೂನೆಸ್ ಕೊಟ್ಟ ಪಾಸ್ ಹಿಡಿದು ಪೆನಾಲ್ಟಿ ಆವರಣದ ಬಲಬದಿಗೆ ನುಗ್ಗಿದ ಡಾಲ್ಗ್ಲಿಶ್ ತಕ್ಷಣ ಒದೆಯಲಿಲ್ಲ. ಗೋಲ್‌ಕೀಪರ್ ಬಿರ್ಗರ್ ಯೆನ್ಸನ್ ಮುಂದೆ ಬಂದು ನೆಲಕ್ಕೆ ಬೀಳುವವರೆಗೆ ಅರೆಕ್ಷಣ ತಡೆದು, ಬಿದ್ದವನ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿ ಆಚೆ ಮೂಲೆಗೆ ಹಾಕಿದರು. ಪಂದ್ಯದ ಏಕೈಕ ಗೋಲು ಅದು. ಮರುಕ್ಷಣವೇ ಜಾಹೀರಾತು ಹಲಗೆಗಳನ್ನು ಹಾರಿ ಅಭಿಮಾನಿಗಳತ್ತ ಓಡಿದರು. ಆ ಓಟದಲ್ಲಿ ಮಾತ್ರ ವೇಗಕ್ಕೆ ಕೊರತೆಯಿರಲಿಲ್ಲ!

ಇದೇ ಕಾರಣಕ್ಕೆ ವಯಸ್ಸೂ ಅವರನ್ನು ಬೇಗ ಹಿಂದಿಕ್ಕಲಿಲ್ಲ. 1985ರಲ್ಲಿ ಅವರು ಆಟಗಾರನಾಗಿಯೂ ಮ್ಯಾನೇಜರ್ ಆಗಿಯೂ ಲಿವರ್‌ಪೂಲಿನ ಹೊಣೆ ಹೊತ್ತರು. ಮರುವರ್ಷ, 35ರ ಪ್ರಾಯದಲ್ಲಿ, ಚೆಲ್ಸಿಯ ಮೈದಾನದಲ್ಲಿ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು ನೆಲಕ್ಕೆ ತಾಗುವ ಮೊದಲೇ ಒದ್ದು ಹೊಡೆದ ಗೋಲು ಲೀಗ್ ಪ್ರಶಸ್ತಿಯನ್ನು ಖಚಿತಪಡಿಸಿತು. ಒಂದು ವಾರದ ಬಳಿಕ ಎವರ್ಟನ್ ತಂಡವನ್ನು ಸೋಲಿಸಿ ಎಫ್ಎ ಕಪ್ಪನ್ನೂ ಗೆದ್ದರು.

ಇನ್ನು ವಿಶ್ವಕಪ್. 1974ರಲ್ಲಿ ಸ್ಕಾಟ್ಲೆಂಡ್ ಒಂದು ಪಂದ್ಯವನ್ನೂ ಸೋಲದೆ, ಗೋಲುಗಳ ಅಂತರದಿಂದ ಮಾತ್ರ ಹೊರಬಿತ್ತು. 1978ರಲ್ಲಿ ಪೆರು ಎದುರು ಸೋತು, ಇರಾನ್ ಜೊತೆ ಡ್ರಾ ಮಾಡಿಕೊಂಡು, ಕೊನೆಗೆ ಆ ಸಲದ ರನ್ನರ್ಸ್ ಅಪ್ ನೆದರ್ಲೆಂಡ್ಸ್ ತಂಡವನ್ನು 3–2ರಿಂದ ಮಣಿಸಿತು. ಆ ಗೆಲುವಿನಲ್ಲಿ ಸ್ಕಾಟ್ಲೆಂಡಿನ ಮೊದಲ ಗೋಲು ಡಾಲ್ಗ್ಲಿಶ್ ಅವರದು. 1982ರಲ್ಲೂ ಮೊದಲ ಸುತ್ತಿಗೇ ಮುಗಿಯಿತು. ಇದನ್ನೆಲ್ಲ ಒಬ್ಬನ ಲೆಕ್ಕಕ್ಕೆ ಬರೆಯುವುದು ನನಗೆ ನ್ಯಾಯವೆನಿಸುವುದಿಲ್ಲ.

ದೇಶದ ಪರ 102 ಪಂದ್ಯಗಳು ಸ್ಕಾಟ್ಲೆಂಡಿನ ದಾಖಲೆ. 30 ಗೋಲುಗಳ ದಾಖಲೆಯನ್ನು ಮಾತ್ರ ಅವರು ಡೆನಿಸ್ ಲಾ ಅವರೊಂದಿಗೆ ಹಂಚಿಕೊಂಡಿದ್ದಾರೆ. ಲಾ ಅವರಿಗೆ ಅಷ್ಟೇ ಗೋಲುಗಳಿಗೆ 55 ಪಂದ್ಯಗಳು ಸಾಕಾದವು ಎಂದು ಅವರ ಅಭಿಮಾನಿಗಳು ನೆನಪಿಸುತ್ತಲೇ ಇರುತ್ತಾರೆ. ‘ಗೋಲು ಹೊಡೆಯುವವರಲ್ಲಿ ಯಾರು ಮೇಲು?’ ಎಂದು ಕೇಳಿದರೆ ನಾನೂ ಲಾ ಅವರ ಹೆಸರನ್ನೇ ಹೇಳುತ್ತೇನೆ.