ಯೆಜ್ಡಿಯನ್ನು ಕೆಫೆ ರೇಸರ್ ಮಾಡುವಾಗ ನಾನು ಗ್ರೈಂಡರ್ ಯಾಕೆ ಮುಟ್ಟುವುದಿಲ್ಲ

ಕಸ್ಟಮ್ ಕೆಲಸಕ್ಕೆ ಬರುವವರು ಮೊದಲು ಬೈಕ್ ತೋರಿಸುವುದಿಲ್ಲ, ಫೋನ್ ತೋರಿಸುತ್ತಾರೆ. ಅದರಲ್ಲೊಂದು ಕೆಫೆ ರೇಸರ್ ಫೋಟೋ. ಉದ್ದ ಟ್ಯಾಂಕು, ಗಿಡ್ಡ ಸೀಟು, ಸೀಟಿನ ಹಿಂದೆ ಸಣ್ಣ ಡುಬ್ಬ, ಕೆಳಗಿಳಿದ ಹ್ಯಾಂಡಲ್. ಮಡ್‌ಗಾರ್ಡ್ ಇಲ್ಲ, ನಂಬರ್ ಪ್ಲೇಟಂತೂ ಹುಡುಕಿದರೂ ಸಿಗುವುದಿಲ್ಲ. “ಅಣ್ಣ, ಹಿಂಗೇ ಬೇಕು.” ಫೋಟೋದಲ್ಲಿ ಇರುವುದು ಹೋಂಡಾನೋ ಬಿಎಂಡಬ್ಲ್ಯುನೋ. ಬಾಗಿಲಲ್ಲಿ ನಿಂತಿರುವುದು ಅವರಪ್ಪನ ಯೆಜ್ಡಿ ರೋಡ್‌ಕಿಂಗ್.

ಮೈಸೂರಿನಲ್ಲಿ ಗ್ಯಾರೇಜ್ ಇಟ್ಟವನಿಗೆ ಯೆಜ್ಡಿ ತಪ್ಪುವುದಿಲ್ಲ ಬಿಡಿ. ಐಡಿಯಲ್ ಜಾವಾ ಫ್ಯಾಕ್ಟರಿ ಇಲ್ಲೇ ಯಾದವಗಿರಿಯಲ್ಲಿತ್ತು. 1961ರಲ್ಲಿ ಬೈಕ್ ಮಾಡೋಕೆ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಮೊದಲು ಜಾವಾ ಅಂತ ಬರುತ್ತಿತ್ತು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಅಲ್ಲಿ ದುಡಿದು ರಿಟೈರ್ ಆದವರು ಈಗಲೂ ಊರಲ್ಲಿದ್ದಾರೆ. ಹಳೇ ಸಾಮಾನು ಯಾರ ಮನೆಯ ಅಟ್ಟದಲ್ಲಿದೆ ಅಂತ ಗೊತ್ತಿರುವವರೂ ಇದ್ದಾರೆ. ಹಾಗಾಗಿ ಈ ಕೆಲಸದಲ್ಲಿ ನಾನು ಕಲಿತದ್ದನ್ನು, ಹೊಸದಾಗಿ ಕಸ್ಟಮ್ ಕೆಲಸ ಶುರು ಮಾಡುತ್ತಿರುವ ಹುಡುಗರಿಗೆ ಬರೆದಿಡೋಣ ಅನ್ನಿಸಿತು.

ನಮ್ಮಲ್ಲಿ ಒಂದೇ ನಿಯಮ. ಹಳೇ ಬೈಕಿಗೆ ನಾನು ಮಾಡುವ ಯಾವ ಬದಲಾವಣೆಯಾದರೂ ಸ್ಪ್ಯಾನರ್ ಹಿಡಿದು ಬಿಚ್ಚಿ ಮತ್ತೆ ಮೊದಲಿನ ಹಾಗೆ ಮಾಡಲು ಬರಬೇಕು. ಗ್ರೈಂಡರ್ ಹಿಡಿದು ಚಾಸಿ, ಅಂದರೆ ಬೈಕಿನ ಕಬ್ಬಿಣದ ಚೌಕಟ್ಟು, ಕೊಯ್ಯುವುದಿಲ್ಲ, ಹಳೇ ಬ್ರ್ಯಾಕೆಟ್ ಉಜ್ಜಿ ತೆಗೆಯುವುದಿಲ್ಲ. ಗಿರಾಕಿ ಎಷ್ಟೇ ದುಡ್ಡು ಕೊಡುತ್ತೇನೆ ಅಂದರೂ ಇಲ್ಲ. ಇದರಿಂದ ಕೆಲವು ಕೆಲಸ ಕೈತಪ್ಪಿ ಹೋಗುತ್ತದೆ, ಹೋಗಲಿ.

ಇದು ಹಳೇದರ ಮೇಲಿನ ಭಕ್ತಿ ಅಂದುಕೊಳ್ಳಬೇಡಿ. ಕೆಫೆ ರೇಸರ್ ಹುಟ್ಟಿದ್ದೇ ಬಿಚ್ಚಿ ಹಾಕುವುದರಿಂದ. ಐವತ್ತು, ಅರವತ್ತರ ದಶಕದ ಇಂಗ್ಲೆಂಡಿನ ಹುಡುಗರು ತಮ್ಮ ಮಾಮೂಲಿ ಬೈಕಿನ ಭಾರ ಇಳಿಸಿ, ಹ್ಯಾಂಡಲ್ ತಗ್ಗಿಸಿ, ಗಾಳಿಗೆ ಬಗ್ಗಿ ಕೂತು ಗಂಟೆಗೆ ನೂರು ಮೈಲಿ ಮುಟ್ಟಬೇಕು ಅಂತ ಹಠ ಹಿಡಿದಿದ್ದರು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆ ಅವರ ಅಡ್ಡಾ. ನಾರ್ಟನ್ ಬೈಕಿನ ಫೆದರ್‌ಬೆಡ್ ಫ್ರೇಮಿಗೆ ಟ್ರಯಂಫ್ ಬೈಕಿನ ಎಂಜಿನ್ ಕೂರಿಸಿ ಟ್ರೈಟನ್ ಅಂತ ಮಾಡಿಕೊಂಡವರು ಅವರು. ಅಂದರೆ ಪ್ರತಿಯೊಂದು ಬದಲಾವಣೆಗೂ ಒಂದು ಕಾರಣ ಇತ್ತು. ಈಗ ಬರುವವರಿಗೆ ಬೇಕಿರುವುದು ಚಂದ ಮಾತ್ರ. ಅದೇನೂ ತಪ್ಪಲ್ಲ. ಆದರೆ ಚಂದಕ್ಕೋಸ್ಕರ ಚಾಸಿ ಕೊಯ್ಯುವ ಅಗತ್ಯವೇ ಬರುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಈಚೆಗೆ ಮುಗಿಸಿದ ಒಂದು ರೋಡ್‌ಕಿಂಗ್ ಇಟ್ಟುಕೊಂಡೇ ಹೇಳುತ್ತೇನೆ. ಹುಡುಗ ಸಾಫ್ಟ್‌ವೇರ್ ಕೆಲಸದವನು. ಬೈಕ್ ಅಪ್ಪನದು, ಕಾರ್ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದದ್ದು. ಅವನಿಗೆ ಬೇಕಿದ್ದದ್ದು ಫೋರ್ಕಿಗೇ ಕಚ್ಚಿಕೊಳ್ಳುವ ಕ್ಲಿಪ್-ಆನ್ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಒಬ್ಬರೇ ಕೂರುವ ಸೀಟು. ನಾನು ಮೊದಲು ಮಾಡಿದ್ದು ಅವನನ್ನು ಬೈಕಿನ ಮೇಲೆ ಕೂರಿಸಿದ್ದು. ಬೈಕ್ ಸೆಂಟರ್ ಸ್ಟ್ಯಾಂಡಿನಲ್ಲಿ. ನಮ್ಮ ಹುಡುಗ ಒಂದು ಕಬ್ಬಿಣದ ಪೈಪನ್ನು ಹ್ಯಾಂಡಲ್ ಬರುವ ಎತ್ತರಕ್ಕೆ ಹಿಡಿದು ನಿಂತ. “ಹತ್ತು ನಿಮಿಷ ಹಿಂಗೇ ಕೂತಿರು” ಅಂದೆ. ಅರ್ಧ ಸಮಯಕ್ಕೇ ಮಣಿಕಟ್ಟು ತಿರುಗಿಸೋಕೆ ಶುರು ಮಾಡಿದ.

ಯಾಕೆ ಅಂದರೆ ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಮೂರೂ ಒಟ್ಟಿಗೆ ಬದಲಾಗಬೇಕು. ಹ್ಯಾಂಡಲ್ ಮಾತ್ರ ಇಳಿಸಿ ಕಾಲು ಮುಂದೆಯೇ ಇಟ್ಟರೆ ಮೈಭಾರ ಎಲ್ಲಾ ಅಂಗೈ ಮೇಲೆ ಬರುತ್ತದೆ. ಕಾಲು ಹಿಂದಕ್ಕೆ ಹೋದರೆ ತೊಡೆ, ಹೊಟ್ಟೆ ಭಾರ ಹೊರುತ್ತವೆ. ಹಾಗಾದರೆ ಫುಟ್‌ರೆಸ್ಟ್ ಹಿಂದಕ್ಕೆ ಹಾಕಿಬಿಡೋಣ ಅಲ್ವಾ? ಯೆಜ್ಡಿಯಲ್ಲಿ ಎಡವಟ್ಟು ಇರುವುದು ಅಲ್ಲೇ. ಇದರಲ್ಲಿ ಗೇರ್ ಲಿವರ್ರೇ ಕಿಕ್ಕರ್. ಎಡಗಡೆಯ ಅದೇ ಲಿವರ್ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್. ಬೇರೆ ಬೈಕಿನಲ್ಲಿ ಲಿವರಿಗೆ ಒಂದು ಕೊಂಡಿ ಕಡ್ಡಿ ಹಾಕಿ ಹಿಂದೆ ಪೆಡಲ್ ಇಟ್ಟರೆ ಮುಗಿಯಿತು. ಇಲ್ಲಿ ಕೊಂಡಿ ಹಾಕಿದರೆ ಕಿಕ್ ಹೊಡೆಯೋಕೆ ಪ್ರತಿ ಸಲ ಅದನ್ನು ಕಳಚಬೇಕು. ಸಿಗ್ನಲ್‌ನಲ್ಲಿ ಆಫ್ ಆದರೆ ಹಿಂದಿನ ಬಸ್ಸಿನವನು ಕಾಯುತ್ತಾನಾ? ಮೇಲಾಗಿ ಯೆಜ್ಡಿಯಲ್ಲಿ ಗೇರ್ ಲಿವರ್ ಅಲುಗಿದರೇ ಕ್ಲಚ್ ಬಿಡುವ ಏರ್ಪಾಡು ಇದೆ. ಆ ಲಿವರಿಗೆ ಸಡಿಲ ಕೊಂಡಿ ಕಟ್ಟಿದರೆ ಗೇರೂ ಸರಿಯಾಗಿ ಬೀಳುವುದಿಲ್ಲ, ಕ್ಲಚ್ಚೂ ಅರ್ಧ ಕಚ್ಚಿಕೊಂಡಿರುತ್ತದೆ.

ಆದ್ದರಿಂದ ಲೆಕ್ಕ ಉಲ್ಟಾ ಹಾಕಿದೆವು. ಕಾಲು ಇದ್ದಲ್ಲೇ ಇರಲಿ, ಆ ಕಾಲಿಗೆ ಸರಿಹೋಗುವಷ್ಟು ಮಾತ್ರ ಹ್ಯಾಂಡಲ್ ಇಳಿಯಲಿ. ಕ್ಲಿಪ್-ಆನ್ ಬೇಡ, ಹಳೇ ಹ್ಯಾಂಡಲ್ ಕ್ಲ್ಯಾಂಪಿಗೇ ಕೂರುವ ಚಪ್ಪಟೆ ಬಾರ್ ಸಾಕು. ಫೋರ್ಕಿನ ಕವರ್, ಹೆಡ್‌ಲೈಟ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಹುಡುಗನ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ಬಾರ್ ಹಾಕಿ ದೂರದಿಂದ ನೋಡಿದಾಗ ಸುಮ್ಮನಾದ.

ಹ್ಯಾಂಡಲ್ ಇಳಿಸಿದವರು ಮರೆಯುವ ಒಂದು ವಿಷಯ ಕೇಬಲ್. ಉದ್ದದ ಕೇಬಲ್ ಹಾಗೇ ಬಿಟ್ಟರೆ ಮಡಿಚಿಕೊಂಡು ಕೂರುತ್ತದೆ. ಬೈಕ್ ಐಡಲ್‌ನಲ್ಲಿ ಇಟ್ಟು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎಂಜಿನ್ ಸದ್ದು ಒಂದು ಚೂರೂ ಏರಬಾರದು. ಏರಿದರೆ ಆಕ್ಸಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ತಿರುವಿನಲ್ಲಿ ತಾನೇ ರೇಸ್ ಆಗುವ ಬೈಕನ್ನು ಯಾರ ಕೈಗೂ ಕೊಡಬಾರದು. ಹಾಗೇ ಕೈ ಟ್ಯಾಂಕಿಗೆ ತಾಗುತ್ತದೋ ನೋಡಿ. ಪಾರ್ಕಿಂಗ್‌ನಲ್ಲಿ ಬೈಕ್ ತಿರುಗಿಸುವಾಗ ಹೆಬ್ಬೆರಳು ಸಿಕ್ಕಿಹಾಕಿಕೊಂಡರೆ ಆ ದಿನ ನಿಮ್ಮ ಹೆಸರು ಹಿಡಿದು ಬೈಯುತ್ತಾರೆ.

ಈಗ ಸೀಟು. ಕೆಫೆ ರೇಸರ್ ನೋಡೋಕೆ ಚಂದ ಕಾಣುವ ಗುಟ್ಟು ಡುಬ್ಬದಲ್ಲಿಲ್ಲ. ಟ್ಯಾಂಕಿನ ತಳ ಮತ್ತು ಸೀಟಿನ ತಳ ಒಂದೇ ಗೆರೆಯಲ್ಲಿ ಹೋಗಬೇಕು, ಅಷ್ಟೇ. ಆ ಗೆರೆ ತಪ್ಪಿದರೆ ಎಷ್ಟು ಖರ್ಚು ಮಾಡಿದರೂ ಬೈಕ್ ಮುರಿದ ಹಾಗೆ ಕಾಣುತ್ತದೆ. ಈ ಗೆರೆಗೋಸ್ಕರ ಎಷ್ಟೋ ಕಡೆ ಚಾಸಿಯ ಹಿಂಭಾಗ ಕೊಯ್ದು ಬಳೆಯ ಹಾಗೆ ಪೈಪ್ ಬೆಸೆಯುತ್ತಾರೆ. ನಾವು ಮಾಡುವುದು ತಗಡಿನ ಸೀಟ್ ತಳ. ಹಳೇ ಸೀಟಿನ ಬೋಲ್ಟ್ ತೂತಿಗೇ ಕೂರಬೇಕು, ಗೆರೆಯ ತಿದ್ದುವಿಕೆ ಎಲ್ಲಾ ಆ ತಗಡಿನಲ್ಲೇ ಆಗಬೇಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡುತ್ತೇವೆ, ಆಮೇಲೆ ತಗಡು, ಆಮೇಲೆ ಕುಶನ್‌ನವರ ಹತ್ತಿರ ಫೋಮ್ ಮತ್ತು ಹೊಲಿಗೆ. ಟಿಂಕರಿಂಗ್‌ನವರು “ಎರಡು ಕಡೆ ಕೊಯ್ದರೆ ಅರ್ಧ ದಿನದ ಕೆಲಸ, ಯಾಕಣ್ಣ ಒದ್ದಾಟ” ಅನ್ನುತ್ತಾರೆ. ಅವರು ಹೇಳುವುದೂ ನಿಜವೇ. ಆದರೆ ಹಳೇ ಪೈಪಿನ ಒಳಗೆ ಎಷ್ಟು ತುಕ್ಕು ಹಿಡಿದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಬೆಸುಗೆ ಹಾಕಿದ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಕಾನೂನೂ ಇದೇ ಕಡೆಗೆ ತಳ್ಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಅರ್ಧ ಚಕ್ರವಾದರೂ ಮುಚ್ಚಿರಬೇಕು ಎಂಬ ನಿಯಮವೂ ಇದೆ, ನಾವು ಸೀರೆ ಗಾರ್ಡ್ ಅನ್ನುತ್ತೀವಲ್ಲ ಅದು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕು. ಚಾಸಿ ಕೊಯ್ದವನು ಅಲ್ಲಿ ಏನು ಮಾಡುತ್ತಾನೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ಬಂತು, ನಂಬರಿನಲ್ಲಿ ವಿಎ ಅಂತ ಇರುತ್ತದೆ. ಐವತ್ತು ವರ್ಷ ಆಗಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ಸ್ಥಿತಿಯಲ್ಲೇ ಇರಬೇಕು. ಅರವತ್ತರ ದಶಕದ ಜಾವಾಗಳು ಆಗಲೇ ಆ ವಯಸ್ಸು ದಾಟಿವೆ. ಮೊದಲ ರೋಡ್‌ಕಿಂಗ್‌ಗಳು 2028ಕ್ಕೆ ಐವತ್ತು ತುಂಬುತ್ತವೆ. ಇವತ್ತು ಫೋಟೋ ನೋಡಿ ಕೊಯ್ದರೆ ಆ ಬಾಗಿಲು ಪರ್ಮನೆಂಟಾಗಿ ಮುಚ್ಚಿದ ಹಾಗೆ.

ಚಂದದ ಮಾತು ಇಲ್ಲಿಗೆ ಸಾಕು. ನಿಜವಾದ ಕೆಲಸ, ನಿಜವಾದ ಖರ್ಚು ಇರುವುದು ಕಾಣದ ಜಾಗದಲ್ಲಿ. ಗಿರಾಕಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಯೆಜ್ಡಿಯದು ಟೂ-ಸ್ಟ್ರೋಕ್ ಎಂಜಿನ್. ವರ್ಷಗಟ್ಟಲೆ ನಿಂತದ್ದು ಅಂದರೆ ಕ್ರ್ಯಾಂಕಿನ ರಬ್ಬರ್ ಆಯಿಲ್ ಸೀಲುಗಳು ಗಟ್ಟಿಯಾಗಿರುತ್ತವೆ. ಅಲ್ಲಿಂದ ಗಾಳಿ ಎಳೆದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆಗುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಇದು ಬರೀ ಬಿಸಿಯ ತೊಂದರೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆಗೆ, ಪೆಟ್ರೋಲ್ ಕಮ್ಮಿ ಆದರೆ ಆಯಿಲೂ ಕಮ್ಮಿ. ಬಿಸಿ ಜಾಸ್ತಿ, ಜಿಡ್ಡು ಕಮ್ಮಿ, ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಹೈವೇಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಬೈಕ್ ಜಾರುತ್ತದೆ.

ಇದೇ ಕಾರಣಕ್ಕೆ ಆ ಫೋಟೋದಲ್ಲಿರುವ ಕವರ್ ಇಲ್ಲದೆ ಗಾಳಿ ಜಾಸ್ತಿ ಎಳೆಯುವ ಗೋಪುರದಂಥ ಏರ್ ಫಿಲ್ಟರ್ ನನಗೆ ಇಷ್ಟವಿಲ್ಲ. ಹಾಕಲೇಬೇಕು ಅಂದರೆ ಕಾರ್ಬುರೇಟರ್ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ಬಿಡಿಭಾಗ, ದೊಡ್ಡದು ಹಾಕಿ, ಓಡಿಸಿ, ಪ್ಲಗ್ ಬಿಚ್ಚಿ ನೋಡಬೇಕು. ಪ್ಲಗ್ ತುದಿ ಕಾಫಿ ಕಂದು ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಅಪಾಯ, ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲ್ ಜಾಸ್ತಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದೂ ಮಿಶ್ರಣವನ್ನು ತೆಳುವಾಗಿಸುತ್ತದೆ, ಹಳೇ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಪೈಪು ವಾಷರ್ ಎಲ್ಲಾ ಹೊಸತು. ತಿಂಗಳುಗಟ್ಟಲೆ ಬೈಕ್ ನಿಲ್ಲಿಸುವವರಿಗೆ ಟ್ಯಾಂಕ್, ಕಾರ್ಬುರೇಟರ್ ಎರಡೂ ಖಾಲಿ ಮಾಡಿಡಿ ಅಂತ ಹೇಳುತ್ತೇನೆ.

ಸೈಲೆನ್ಸರ್ ವಿಷಯದಲ್ಲಿ ಜಗಳ ಗ್ಯಾರಂಟಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಅದೇ ಯೆಜ್ಡಿಯ ಗುರುತು. ಒಳಗಿನ ಜಾಲರಿ ಕಿತ್ತು ಹಾಕಿದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಹೊಗೆ ಹೋಗುವ ದಾರಿಯಲ್ಲಿ ಹಿಂದಕ್ಕೆ ಬಡಿಯುವ ಒತ್ತಡವೇ ಹೊಸ ಮಿಶ್ರಣ ಪೋಲಾಗದ ಹಾಗೆ ತಡೆಯುವುದು. ಖಾಲಿ ಪೈಪ್ ಹಾಕಿದ ಬೈಕು ಚಾಮುಂಡಿ ಬೆಟ್ಟ ಹತ್ತುವಾಗ ಗೊತ್ತಾಗುತ್ತದೆ, ಕಿರುಚುತ್ತದೆ ಆದರೆ ಹೋಗುವುದಿಲ್ಲ. ನಾವು ಜಾಲರಿ ಬಿಚ್ಚಿ ಕಾರ್ಬನ್ ಸುಟ್ಟು ತೆಗೆದು ವಾಪಸ್ ಹಾಕಿದೆವು. ಅಷ್ಟಕ್ಕೇ ಹುಡುಗ “ಏನ್ ಮಾಡಿದ್ರಣ್ಣ, ಪಿಕಪ್ ಬಂತು” ಅಂದ.

ಬ್ರೇಕ್ ಎರಡೂ ಡ್ರಮ್. ಡಿಸ್ಕ್ ಹಾಕಿ ಅಂತ ಕೇಳುತ್ತಾರೆ. ನಾನು ಡ್ರಮ್ ಲೇತ್‌ಗೆ ಕೊಟ್ಟು ದುಂಡಗೆ ಮಾಡಿಸಿ, ಶೂಗೆ ಹೊಸ ಲೈನಿಂಗ್ ಹೊಡೆಸುತ್ತೇನೆ, ಅಷ್ಟರಲ್ಲಿ ಆ ಬೈಕಿನ ವೇಗಕ್ಕೆ ಸಾಲುವಷ್ಟು ಬ್ರೇಕ್ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳಿಗೆ ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮ ಹುಡುಗರಿಗೆ ಇದನ್ನು ದಿನಾ ಹೇಳಬೇಕು, ಏರ್ ಗನ್ ಕೈಗೆ ಸಿಕ್ಕರೆ ಸಾಕು. ಟ್ಯಾಂಕಿಗೆ ಬೆಸುಗೆಯೂ ಹಾಗೇ. ಪೆಟ್ರೋಲ್ ಖಾಲಿ ಮಾಡಿದ್ದೀನಿ ಅಂದರೆ ಸಾಲದು, ಸಿಡಿಯುವುದು ಒಳಗೆ ಉಳಿದ ಆವಿ. ಚೆನ್ನಾಗಿ ತೊಳೆದು, ಬೆಸುಗೆ ಜಾಗದ ಹತ್ತಿರದವರೆಗೆ ನೀರು ತುಂಬಿಸದೆ ಯಾರೂ ಟಾರ್ಚ್ ಹಚ್ಚಬಾರದು.

ಚೈನ್ ಕವರ್ ತೆಗೆಯಲಿಲ್ಲ. ಪೂರ್ತಿ ಮುಚ್ಚಿದ ಕವರ್ ಇರುವ ಕಾರಣಕ್ಕೇ ಯೆಜ್ಡಿ ಚೈನು ಮಣ್ಣು ನೀರು ಕಾಣದೆ ಅಷ್ಟು ಬಾಳುತ್ತದೆ. ಕಪ್ಪು ಬಣ್ಣ ಹೊಡೆದೆವು, ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ. ಬಣ್ಣಕ್ಕೆ ಹೆಚ್ಚು ಹೇಳುವುದೇನಿಲ್ಲ. ಟ್ಯಾಂಕಿನ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬರೆಸಿಕೊಳ್ಳಿ, ಅಷ್ಟೇ.

ಕೊಡುವ ದಿನ ಬೈಕಿನ ಜೊತೆ ಒಂದು ಗೋಣಿಚೀಲ ಕೊಡುತ್ತೇವೆ. ಹಳೇ ಹ್ಯಾಂಡಲ್, ಕೇಬಲ್, ಸೀಟು, ಹಿಂದೆ ಕೂತವರು ಹಿಡಿಯುವ ಗ್ರ್ಯಾಬ್ ರೇಲ್, ನಟ್ಟು ಬೋಲ್ಟು ಎಲ್ಲಾ. ಪಟ್ಟಿ ಬರೆದು ಗಿರಾಕಿಯ ಸಹಿ. ಈ ಸಹಿ ಮುಖ್ಯ, ಯಾಕೆಂದರೆ ಫ್ಯಾಕ್ಟರಿ ಕಾಲದ ಒರಿಜಿನಲ್ ಸಾಮಾನಿಗೆ ಈಗ ಒಳ್ಳೇ ಬೆಲೆ ಇದೆ, ಆಮೇಲೆ “ನನ್ನ ಸೀಟ್ ಎಲ್ಲಿ” ಅಂತ ಮಾತು ಬರಬಾರದು.

ಆ ರೋಡ್‌ಕಿಂಗ್ ತೆಗೆದುಕೊಂಡು ಹೋಗೋಕೆ ಹುಡುಗನ ಜೊತೆ ಅವರಪ್ಪನೂ ಬಂದಿದ್ದರು. ಸುತ್ತಾ ಎರಡು ಸಲ ನೋಡಿದರು. ಟ್ಯಾಂಕ್ ಸವರಿದರು, ಕಿಕ್ ಹೊಡೆದರು, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆಮೇಲೆ ಮಗನ ಕಡೆ ತಿರುಗಿ, “ಎಲ್ಲಾ ಸರಿ ಕಣೋ, ನಿಮ್ಮಮ್ಮ ಎಲ್ಲಿ ಕೂರೋದು?” ಅಂದರು. ಅವನಿಗೆ ಉತ್ತರ ಹೊಳೆಯಲಿಲ್ಲ. ನಾನು ಚೀಲದಿಂದ ಹಳೇ ಸೀಟು ತೆಗೆದು, ಯಾವ ಬೋಲ್ಟ್ ಬಿಚ್ಚಬೇಕು ಅಂತ ಯಜಮಾನರಿಗೇ ತೋರಿಸಿದೆ. ಈಗ ವಾರದ ದಿನ ಮಗನ ಸೀಟು, ಭಾನುವಾರ ಅಪ್ಪನ ಸೀಟು ಅಂತ ಮಾತಾಗಿದೆಯಂತೆ. ಗ್ರ್ಯಾಬ್ ರೇಲಿನ ಒಂದು ನಟ್ ಕಳೆದಿದೆ ಅಂತ ನಿನ್ನೆ ಫೋನ್ ಬಂದಿತ್ತು, ಹುಡುಕಿಡಬೇಕು.