ಇನ್ಸುಲೇಷನ್ ಗೋಡೆ ಒಳಗಡೆ ಹಾಕ್ಸೋದಾ, ಹೊರಗಡೆ ಹಾಕ್ಸೋದಾ?

ಮನೆಗೆ ಇನ್ಸುಲೇಷನ್ ಮಾಡಿಸ್ಬೇಕು ಅಂತ ಮನಸ್ಸು ಮಾಡಿದೋರೆಲ್ಲ ನನ್ನ ಹತ್ರ ಕೇಳೋ ಮೊದಲನೇ ಪ್ರಶ್ನೆನೇ ಇದು, ಶಾಖ ತಡೆಯೋ ಶೀಟು ಗೋಡೆ ಒಳಮೈಗೆ ಹಾಕ್ಸೋದಾ ಹೊರಮೈಗೆ ಹಾಕ್ಸೋದಾ ಅಂತ. ಹೊರಗಡೆ ಹಾಕ್ಸೋಕೆ ಆಗತ್ತೆ ಅಂದ್ರೆ ಹೊರಗಡೆನೇ ಹಾಕ್ಸಿ. ಆಗೋದೇ ಇಲ್ಲ ಅಂದ್ರೆ ಒಳಗಡೆ, ಅದೂ ತೇವ ಎಲ್ಲಿಗೆ ಹೋಗತ್ತೆ ಅಂತ ಮೊದಲು ಯೋಚನೆ ಮಾಡಿ.

ಶಾಖ ತಡೆಯೋ ಲೆಕ್ಕದಲ್ಲಿ ಬರೀ ಗೋಡೆ ಮಟ್ಟಿಗೆ ನೋಡಿದ್ರೆ ಎರಡೂ ಒಂದೇ. ಸುಮಾರು 23 ಸೆಂಟಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಇದ್ರೆ ಅದರ ಯು-ವ್ಯಾಲ್ಯೂ 2ರ ಆಸುಪಾಸು, ಅಂದ್ರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ರೆ ಒಂದು ಚದರ ಮೀಟರ್ ಗೋಡೆಲಿ 2 ವ್ಯಾಟ್ ಶಾಖ ದಾಟ್ಕೊಂಡು ಹೋಗತ್ತೆ. ಅದಕ್ಕೆ 10 ಸೆಂಟಿಮೀಟರ್ ಥರ್ಮಾಕೋಲ್ ಶೀಟೋ ಕಲ್ಲು ಕರಗಿಸಿ ಎಳೆದ ನಾರಿನ ರಾಕ್‌ವೂಲೋ ಹಾಕಿದ್ರೆ 0.3ರ ಹತ್ರ ಇಳಿಯತ್ತೆ, ಯಾವ ಕಡೆ ಹಾಕಿದ್ರೂ ಅಷ್ಟೇ. ಅದಕ್ಕೇ ಎಷ್ಟೋ ಜನ ಯಾವ ಕಡೆ ಆದ್ರೇನು ಅಂತ ಸುಲಭವಾಗಿ ಆಗೋದನ್ನ ಮಾಡಿಸ್ಬಿಡ್ತಾರೆ. ಆದ್ರೆ ಶೀಟ್ ಹಾಕಿದ ಮೇಲೆ ಆ ಇಟ್ಟಿಗೆ ಗೋಡೆ ಮನೆ ಕಡೆಗೆ ಸೇರತ್ತೋ ಹೊರಗಿನ ಹವೆಗೆ ಸೇರತ್ತೋ ಅನ್ನೋದು ಅಲ್ಲೇ ತೀರ್ಮಾನ ಆಗ್ಬಿಡತ್ತೆ.

ಬಿಸಿಲು ಬಿದ್ದ ಗೋಡೆಗೆ ರಾತ್ರಿ ಕೈ ಇಟ್ಟು ನೋಡಿದೀರಾ? ಹೊತ್ತು ಮುಳುಗಿ ಗಂಟೆಗಟ್ಟಲೆ ಆದ್ರೂ ಬೆಚ್ಚಗೇ ಇರತ್ತೆ. ಅಷ್ಟು ತೂಕದ ಇಟ್ಟಿಗೆ ಶಾಖ ಹಿಡಿದಿಟ್ಕೊಂಡು ನಿಧಾನಕ್ಕೆ ಬಿಡ್ತಾ ಇರತ್ತೆ. ಹೊರಗಿಂದ ಶೀಟ್ ಹೊದಿಸಿದ್ರೆ ಬಿಸಿಲು ಆ ಇಟ್ಟಿಗೆಗೆ ತಾಗೋದೇ ಇಲ್ಲ, ಅದು ಒಳಗಿನ ಹವೆಗೆ ಒಗ್ಗಿಕೊಂಡು ಇರತ್ತೆ, ಸೆಖೆಲಿ ತಂಪು ಹಿಡಿದಿಡತ್ತೆ, ಚಳಿಲಿ ಹೀಟರ್ ಆರಿಸಿದ ಮೇಲೂ ಸುಮಾರು ಹೊತ್ತು ಕೋಣೆ ಬೆಚ್ಚಗಿರತ್ತೆ. ಒಳಗಿಂದ ಹಾಕಿದ್ರೆ ಕೋಣೆ ಬೇಗ ಬಿಸಿಯಾಗತ್ತೆ ಬೇಗ ತಣ್ಣಗಾಗತ್ತೆ, ವಾರಕ್ಕೊಂದೆರಡು ದಿನ ಮಾತ್ರ ಬಳಸೋ ಜಾಗಕ್ಕೆ ಅದೇ ಒಳ್ಳೇದು, ದಿನಾ ವಾಸ ಇರೋ ಮನೆಗೆ ಅಲ್ಲ.

ನಾನು ಜಾಸ್ತಿ ಹೆದರೋದು ತೇವಕ್ಕೆ. ಒಂದ್ಸಲ ಒಂದು ಮನೇಲಿ ಏನೋ ವಾಸನೆ ಬರ್ತಿದೆ ಅಂತ ಕರೆಸಿದ್ರು, ಒಳಗಿಂದ ಶೀಟ್ ಹಾಕಿ ಮೇಲೆ ಬೋರ್ಡ್ ಹೊಡೆದು ನೀಟಾಗಿ ಪೇಂಟ್ ಮಾಡಿದ್ರು, ಎದುರಿಗೆ ನೋಡೋಕೆ ಒಂದು ಕಲೆನೂ ಇಲ್ಲ. ಮೂಲೇಲಿ ಒಂದು ಬೋರ್ಡ್ ಬಿಚ್ಚಿದ್ವಿ. ಹಿಂದಿನ ಸಾರಣೆ ಮೇಲೆ ನೀರು ಹನಿಹನಿಯಾಗಿ ಕೂತಿತ್ತು, ಶೀಟ್ ಬೆನ್ನಿಗೆ ಕಪ್ಪು ಬೂಸ್ಟು ಚುಕ್ಕೆ ಚುಕ್ಕೆಯಾಗಿ ಹಬ್ಬಿತ್ತು, ಅದೇ ಗೋಡೆ ಕಡೆಗೆ ತಲೆ ಇಟ್ಟು ಒಂದು ಮಗು ಮಲಗ್ತಿತ್ತು ಅನ್ನೋದು ನೆನೆದ್ರೆ ನಂಗೆ ಈಗ್ಲೂ ಸಂಕಟ ಆಗತ್ತೆ. ಆಗಿದ್ದೇನು ಅಂದ್ರೆ, 20 ಡಿಗ್ರಿ ಇರೋ ಕೋಣೆಲಿ ಗಾಳಿಯ ತೇವಾಂಶ 50 ಪರ್ಸೆಂಟ್ ಇದ್ರೆ ಆ ಗಾಳಿ 9 ಡಿಗ್ರಿ ಹತ್ರಕ್ಕೆ ತಣ್ಣಗಾದ್ರೆ ಸಾಕು, ಆವಿ ನೀರಾಗತ್ತೆ. ಒಳಗಿಂದ ಶೀಟ್ ಹಾಕಿದ್ರೆ ಮನೆ ಶಾಖ ಇಟ್ಟಿಗೆಗೆ ಹೋಗಲ್ಲ, ಇಟ್ಟಿಗೆ ಹೊರಗಿನ ಚಳಿಗೆ ತಣ್ಣಗಾಗತ್ತೆ, ಸ್ವಿಚ್ ಬೋರ್ಡ್ ಸಂದಿಲೋ ಶೀಟ್ ಜಾಯಿಂಟಲ್ಲೋ ನುಸುಳಿದ ಗಾಳಿ ಅಲ್ಲಿ ಹೋಗಿ ನೀರಾಗಿ ಕೂರತ್ತೆ, ಒಣಗೋಕೆ ದಾರಿ ಇಲ್ಲ.

ಸೆಖೆ ಊರಲ್ಲಿ ಎಸಿ ಹಾಕೋ ಮನೆಗೆ ಇದು ಉಲ್ಟಾ. ಹೊರಗೆ 32 ಡಿಗ್ರಿ, ತೇವಾಂಶ 75 ಪರ್ಸೆಂಟ್ ಇದ್ರೆ ಆ ಗಾಳಿ 27 ಡಿಗ್ರಿಗೇ ನೀರಾಗತ್ತೆ, ನಿಮ್ಮ ಕೋಣೆ 24 ಇರತ್ತೆ. ಆವಿ ಹೊರಗಿಂದ ಒಳಕ್ಕೆ ನುಗ್ತಾ ಇರತ್ತೆ. ಅಂಥ ಕಡೆ ಒಳಗೋಡೆಗೆ ಪ್ಲಾಸ್ಟಿಕ್ ಹಾಳೆನೋ ವಿನೈಲ್ ವಾಲ್‌ಪೇಪರ್ರೋ ಹಾಕಿದ್ರೆ ನೀರು ಅದರ ಬೆನ್ನಿಗೇ ಕೂರತ್ತೆ. ಆವಿ ತಡೆಯೋ ಪದರ ಯಾವಾಗ್ಲೂ ಬೆಚ್ಚಗಿರೋ ಕಡೆ ಇರ್ಬೇಕು, ಚಳಿ ಊರಿನ ಮನೆ ನೋಡಿ ಸೆಖೆ ಊರಲ್ಲಿ ಕಾಪಿ ಮಾಡ್ಬೇಡಿ.

ಇನ್ನೊಂದು, ಒಳಗಿಂದ ಹಾಕಿದ್ರೆ ಸ್ಲ್ಯಾಬು, ಅಡ್ಡಗೋಡೆ ಬಂದು ಸೇರೋ ಜಾಗದಲ್ಲೆಲ್ಲ ಶೀಟ್ ತುಂಡಾಗತ್ತೆ, ಶಾಖ ಆ ಜಾಗದಿಂದಾನೇ ಓಡಾಡತ್ತೆ, ಬೂಸ್ಟು ಮೊದಲು ಬರೋದೂ ಅಲ್ಲೇ. ಹೊರಗಿಂದ ಹಾಕಿದ್ರೆ ಅದೆಲ್ಲದರ ಮೇಲೂ ಒಂದೇ ಹೊದಿಕೆ ಬರತ್ತೆ. ಒಳಗಿಂದ ಹಾಕಿದ್ರೆ ಜಾಗನೂ ಹೋಗತ್ತೆ, 3 ಮೀಟರ್ ಚೌಕದ ಕೋಣೆಲಿ ಎರಡು ಹೊರಗೋಡೆಗೆ ಬೋರ್ಡ್ ಸೇರಿ 9 ಸೆಂಟಿಮೀಟರ್ ಹಾಕಿದ್ರೆ ಅರ್ಧ ಚದರ ಮೀಟರ್‌ಗಿಂತ ಜಾಸ್ತಿ ಕಳ್ಕೋತೀರ.

ಹೊರಗಡೆ ಕೆಲಸ ಹಗುರ ಅಂತ ಹೇಳಲ್ಲ. ಸಾರ್ವೆ ಕಟ್ಬೇಕು, ಪೈಪು, ಎಸಿ ಔಟ್‌ಡೋರ್ ಯೂನಿಟ್ಟು ಎಲ್ಲ ಬಿಚ್ಚಿ ಮತ್ತೆ ಕೂರಿಸ್ಬೇಕು, ಕಿಟಕಿ ಕೆಳಗಿನ ಅಂಚು ಗೋಡೆಗಿಂತ ಮುಂದೆ ಚಾಚಿರೋ ಹಾಗೆ ಉದ್ದ ಮಾಡಿಸ್ಲೇಬೇಕು, ಇಲ್ಲಾಂದ್ರೆ ಮಳೆ ನೀರು ಶೀಟ್ ಹಿಂದಕ್ಕೇ ಇಳಿಯತ್ತೆ. ಕಿಟಕಿ ಪಕ್ಕದ ಒಳಮಡಿಕೆಗೂ 2-3 ಸೆಂಟಿಮೀಟರ್ ಶೀಟ್ ಎಳೀರಿ, ಅದನ್ನ ಬಿಟ್ರೆ ಕಿಟಕಿ ಸುತ್ತಾನೇ ತೇವ ಬರತ್ತೆ. ಎತ್ತರದ ಕಟ್ಟಡ ಆದ್ರೆ ರಾಕ್‌ವೂಲ್ ಬಿಟ್ಟು ಬೇರೆ ಮಾತೇ ಬೇಡ, ಅದು ಉರಿಯಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರಲ್ಲಿ 2017ರಲ್ಲಿ 72 ಜನ ಸತ್ರು, ಬೆಂಕಿ ಹೊರಗೋಡೆ ಹೊದಿಕೆ ಹಿಡ್ಕೊಂಡೇ ಮೇಲಕ್ಕೆ ಹತ್ತಿದ್ದು, ಪ್ಯಾನೆಲ್ಲೂ ಉರಿಯೋದು, ಅದರ ಹಿಂದಿದ್ದ ಇನ್ಸುಲೇಷನ್ನೂ ಉರಿಯೋದು.

ಹಾಗಾದ್ರೆ ಒಳಗಡೆ ಯಾವಾಗ? ಹಳೇ ಕಟ್ಟಡದ ಮುಂಭಾಗ ಮುಟ್ಟೋ ಹಾಗಿಲ್ಲ ಅಂದ್ರೆ, ಗೋಡೆ ಪಕ್ಕದ ಜಾಗ ನಿಮ್ಮದಲ್ಲ ಅಂದ್ರೆ, ಫ್ಲಾಟಲ್ಲಿ ನಿಮ್ಮೊಬ್ಬರ ಕೋಣೆ ಮಾತ್ರ ಅಂದ್ರೆ. ಆಗ ತೆಳುವಾಗಿ ಹಾಕ್ಸಿ, 5-6 ಸೆಂಟಿಮೀಟರ್ ಸಾಕು, ವುಡ್ ಫೈಬರ್ (ಮರದ ನಾರಿನ ಶೀಟು) ಥರ ತೇವ ಹೀರಿ ಬಿಡೋ ಶೀಟು ಗೋಡೆಗೆ ಗ್ಯಾಪ್ ಇಲ್ದೆ ಪೂರ್ತಿ ಅಂಟಿಸಿ, ಸ್ವಿಚ್ ಬೋರ್ಡ್ ಸಂದಿ ಎಲ್ಲ ಸೀಲ್ ಮಾಡ್ಸಿ. ಮರದ ತೊಲೆ ತುದಿ ಆ ಗೋಡೆ ಒಳಗೆ ಕೂತಿದ್ರೆ ತಿಳಿದೋರಿಗೆ ತೋರಿಸ್ದೆ ಶುರು ಮಾಡ್ಲೇಬೇಡಿ, ಗೋಡೆ ತಣ್ಣಗಾಗಿ ತೇವ ಏರಿದ್ರೆ ಆ ತುದಿ ಕೊಳೆಯತ್ತೆ, ಮೇಲಿಂದ ಕಾಣಲ್ಲ.

ಎರಡರಲ್ಲಿ ಯಾವುದೇ ಆಗ್ಲಿ, ಶೀಟ್ ತರ್ಸೋಕೆ ಮುಂಚೆ ಒಂದು ಜೋರು ಮಳೆ ಬಂದ ಮಾರನೇ ದಿನ ಮನೆ ಸುತ್ತ ಒಂದು ರೌಂಡ್ ಹೋಗಿ ನೋಡಿ. ಎಲ್ಲಿ ಗೋಡೆ ಇನ್ನೂ ಕಪ್ಪಗೆ ಒದ್ದೆ ಇದೆಯೋ ಅಲ್ಲಿ ಸೀಸದಕಡ್ಡಿಲಿ ಒಂದು ಗುರುತು ಹಾಕಿ, ಅದನ್ನ ರಿಪೇರಿ ಮಾಡ್ಸಿ, ಪೂರ್ತಿ ಒಣಗಿದ ಮೇಲೆ ಮೇಸ್ತ್ರಿನ ಕರೀರಿ.