ಬಲ್ಬಿಗೆ ಯಾವ ಬ್ಯಾಂಡು?

"ಈ ಬಲ್ಬು ಯಾವ ಬ್ಯಾಂಡ್ ಹಿಡಿತೈತಿ?"

ಅಪ್ಪ ಕೇಳಿದ್ದು ಇಷ್ಟೇ. ವೈಫೈ ಜೋಡಿಸಲು ಬಂದಿದ್ದ ಹುಡುಗ ಫೋನಿನಿಂದ ತಲೆ ಎತ್ತಲಿಲ್ಲ. "ಕಾಕಾರ, ಅದು ರೇಡಿಯೋ ಅಲ್ರಿ. ನಿಮಗ ತಿಳಿಯಂಗಿಲ್ಲ, ಬಿಡ್ರಿ" ಅಂದ.

ಅಪ್ಪ ಸುಮ್ಮನಾದರು. ನನಗೆ ಮಾತ್ರ ಈ ವಾರವೆಲ್ಲ ಅದೇ ಮಾತು ಕಿವಿಯಲ್ಲಿದೆ.

ನಮ್ಮದು ವಿಜಯಪುರದ ಪೇಟೆಯೊಳಗಿನ ಹಳೇ ಮನೆ. ಕಲ್ಲು ಮಣ್ಣಿನ ಗೋಡೆಗಳು, ಎರಡು ಅಡಿ ದಪ್ಪ. ಮೇಲೆ ಮಾಳಿಗೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಪಡಸಾಲೆ ತಂಪು. ಆದರೆ ಸಿಗ್ನಲ್ ಅಡುಗೆಮನೆ ದಾಟಿ ಹಿಂದೆ ಹೋಗುವುದಿಲ್ಲ. ಬಚ್ಚಲು ಇರುವುದು ಹಿತ್ತಲಲ್ಲಿ. ರಾತ್ರಿ ಎದ್ದು ಹೋಗುವಾಗ ಅವ್ವ ಕತ್ತಲಲ್ಲಿ ಹೊಸ್ತಿಲು ಎಡವಿದಳು, ಮೊಣಕಾಲು ಬಾತಿತು. ಬೆಂಗಳೂರಿನಲ್ಲಿರುವ ತಮ್ಮ ಸುದ್ದಿ ಕೇಳಿದ ಕೂಡಲೇ ಮೆಶ್ ವೈಫೈ ಸೆಟ್ಟನ್ನೂ (ಹಲವು ಡಬ್ಬಿಗಳು ಸೇರಿ ಮನೆ ತುಂಬ ವೈಫೈ ಹರಡುವಂಥದ್ದು) ವೈಫೈ ಮೇಲೆ ನಡೆಯುವ ಸ್ಮಾರ್ಟ್ ಬಲ್ಬುಗಳನ್ನೂ ಆರ್ಡರ್ ಮಾಡಿದ. ಅವನಿಗೆ ಅವ್ವ ಅಂದರೆ ಜೀವ. ಆದರೂ ಸಾಮಾನು ಬಂದಷ್ಟು ಸಲ ಅವನೂ ಬಂದಿದ್ದರೆ ಅವ್ವನಿಗೆ ಇನ್ನೂ ಖುಷಿಯಾಗುತ್ತಿತ್ತು.

ಒಂದು ಝೀರೋ ಬಲ್ಬ್ ಹಾಕಿದ್ದರೆ ಸಾಲದೇ ಅಂತ ಪಕ್ಕದ ಮನೆಯವರು ಕೇಳಿದರು. ಸಾಲದು. ಅವ್ವನ ಕಣ್ಣಿಗೆ ಅದರ ಬೆಳಕು ಸಾಕಾಗುವುದಿಲ್ಲ, ದೊಡ್ಡ ದೀಪ ಹಚ್ಚಿಟ್ಟರೆ ನಿದ್ದೆ ಬರುವುದಿಲ್ಲ. ರಾತ್ರಿಯಿಡೀ ಮಂದವಾಗಿ ಉರಿದು, ಹಾಸಿಗೆಯಿಂದಲೇ ಹೇಳಿದರೆ ಜೋರಾಗುವ ದೀಪ ಬೇಕಿತ್ತು.

ಹುಡುಗ ಕೆಟ್ಟವನಲ್ಲ. ಸುಡು ಬಿಸಿಲಲ್ಲಿ ಬೈಕ್ ಮೇಲೆ ಬಂದಿದ್ದ. ಮೆಶ್ ಡಬ್ಬಿಗಳಲ್ಲಿ ಒಂದನ್ನು ಪಡಸಾಲೆಯಲ್ಲಿ, ಒಂದನ್ನು ನಡುಮನೆಯಲ್ಲಿ, ಇನ್ನೊಂದನ್ನು ಅಡುಗೆಮನೆಯ ಹತ್ತಿರ ಇಟ್ಟು ಚಕಚಕನೆ ಜೋಡಿಸಿದ. "ಮನಿ ತುಂಬ ಒಂದ ಹೆಸರ್ರಿ ಅಕ್ಕಾರ. ಎಲ್ಲಿ ಹೋದ್ರೂ ನೆಟ್" ಅಂದ. ನಿಜ, ಹಿತ್ತಲಲ್ಲೂ ವಿಡಿಯೋ ಓಡಿತು. ಆಮೇಲೆ ಬಲ್ಬಿನ ಸರದಿ. ಬಲ್ಬು ಪಟಪಟ ಮಿಣುಕುತ್ತಿತ್ತು, ಆ್ಯಪಿನಲ್ಲಿ ಚಕ್ರ ತಿರುಗುತ್ತಿತ್ತು, ಕೊನೆಗೆ ಆಗಲಿಲ್ಲ ಅಂತ ತೋರಿಸುತ್ತಿತ್ತು. ಮತ್ತೆ ಮಾಡಿದರೂ ಅದೇ. ಅಪ್ಪ ಆ ಪ್ರಶ್ನೆ ಕೇಳಿದ್ದು ಆಗಲೇ. ಹುಡುಗನಿಗೆ ಮುಂದಿನ ಮನೆಯಿಂದ ಫೋನ್ ಮೇಲೆ ಫೋನ್. "ಬಲ್ಬ್ ಡುಪ್ಲಿಕೇಟ್ ಅದಾವ್ರಿ. ವಾಪಸ್ ಕಳಸ್ರಿ" ಅಂತ ಹೇಳಿ ಹೊರಟ.

ಅಪ್ಪ ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಿ ರೇಡಿಯೋ ಇಟ್ಟುಕೊಳ್ಳುತ್ತಿದ್ದ ಕಾಲದಿಂದ ಅಪ್ಪ ರೇಡಿಯೋ ರಿಪೇರಿ ಮಾಡಿದವರು. ವಾಲ್ವ್ ಸೆಟ್ಟು, ಟ್ರಾನ್ಸಿಸ್ಟರು, ಆಮೇಲೆ ಟೇಪ್ ರೆಕಾರ್ಡರು. ಗೊತ್ತಿರದಿದ್ದರೂ ಒಂದು ಉತ್ತರ ಕೊಡಬಹುದಿತ್ತು ಅಲ್ವಾ? ವಯಸ್ಸಾದವರು ಕೇಳಿದರೆ ಅದು ಪ್ರಶ್ನೆಯೇ ಅಲ್ಲ ಅಂದುಕೊಳ್ಳುವುದು ಈಗ ಎಲ್ಲ ಕಡೆ ಕಾಣುತ್ತಿದೆ. ಬ್ಯಾಂಕಿನ ಕೌಂಟರಿನಲ್ಲಿ, ಮೊಬೈಲ್ ಅಂಗಡಿಯಲ್ಲಿ, ಎಲ್ಲಿ ಹೋದರೂ ಉತ್ತರ ಪಕ್ಕದಲ್ಲಿ ನಿಂತ ಮಕ್ಕಳಿಗೆ ಸಿಗುತ್ತದೆ.

ಸಂಜೆ ಅಪ್ಪ ಬಲ್ಬಿನ ಖಾಲಿ ಡಬ್ಬಿ ಹಿಡಿದು ಕಿಟಕಿ ಹತ್ತಿರ ಕೂತರು. ಹಳೇ ಭೂತಗನ್ನಡಿ ತರಿಸಿಕೊಂಡರು. ಡಬ್ಬಿಯ ತಳದಲ್ಲಿ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಸಿಕ್ಕಿತು. 2.4 ಗಿಗಾಹರ್ಟ್ಜ್ ವೈಫೈ ಮಾತ್ರ. 5 ನಡೆಯುವುದಿಲ್ಲ.

"ಹಂಗಾದ್ರ ಆ ವೈಫೈ ಡಬ್ಬಿ ಎಷ್ಟು ಬ್ಯಾಂಡ್ ಬಿಡ್ತೈತಿ?"

ಎರಡು ಅಂದೆ. 2.4 ಒಂದು, 5 ಒಂದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಯಾವುದನ್ನು ಹಿಡಿಯಬೇಕು ಅಂತ ಫೋನೂ ಮೆಶ್ಶೂ ತಮ್ಮಲ್ಲೇ ನೋಡಿಕೊಳ್ಳುತ್ತವೆ. ಮೆಶ್ ಡಬ್ಬಿಯ ಹತ್ತಿರ ಕೂತರೆ ಫೋನು ಸಾಮಾನ್ಯವಾಗಿ ವೇಗದ 5 ಅನ್ನೇ ಹಿಡಿಯುತ್ತದೆ.

ಅಪ್ಪ ಬಲ್ಬಿನ ಡಬ್ಬಿಯ ಬೆನ್ನ ಮೇಲೆಯೇ ಪೆನ್ಸಿಲಿನಿಂದ ಲೆಕ್ಕ ಹಾಕಿದರು. 300 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಹಳೇ ರೇಡಿಯೋ ಡಯಲ್ ಮೇಲೆ 25 ಮೀಟರ್, 31 ಮೀಟರ್ ಅಂತ ಬರೆದಿರುತ್ತಿದ್ದದ್ದು ಇದೇ ಲೆಕ್ಕ. 2.4 ಗಿಗಾಹರ್ಟ್ಜ್ ಅಂದರೆ 2400 ಮೆಗಾಹರ್ಟ್ಜ್. ಅಲೆ ಹನ್ನೆರಡೂವರೆ ಸೆಂಟಿಮೀಟರ್. 5 ಗಿಗಾಹರ್ಟ್ಜ್‌ಗೆ ಬರೀ ಆರು.

"ಧಾರವಾಡ ಸ್ಟೇಷನ್ 765 ಕಿಲೋಹರ್ಟ್ಜ್. ಒಂದೊಂದ ಅಲಿ ಮುನ್ನೂರ ತೊಂಬತ್ತು ಮೀಟರ್. ಗುಡ್ಡ ಇರ್ಲಿ, ಗೋಡಿ ಇರ್ಲಿ, ಇಲ್ಲಿ ತನಕ ಬರ್ತಿತ್ತು. ಎಫ್‌ಎಂ ಸ್ವಚ್ಛ ಕೇಳ್ತೈತಿ, ಖರೆ ಅಷ್ಟು ದೂರ ಹೋಗಂಗಿಲ್ಲ. ಇದೂ ಅದ ಜಾತಿ. ನಮ್ಮ ಗೋಡಿ ದಾಟಾಕ ಆ ಸಣ್ಣ ಅಲಿಗೆ ಆಗಂಗಿಲ್ಲ. ಅದಕ್ಕ ಬಲ್ಬಿಗೆ ದೊಡ್ಡದು ಇಟ್ಟಾರ."

ಸರಿಯಾಗಿಯೇ ಹೇಳಿದರು. ಬಲ್ಬಿಗೆ ವೇಗ ಬೇಕಿಲ್ಲ. ಹತ್ತಿಕೋ, ಆರಿಹೋಗು, ಮಂದವಾಗು ಅನ್ನುವ ಚಿಕ್ಕ ಸಂದೇಶ ಸಿಕ್ಕರೆ ಸಾಕು. ಅದು ಗೋಡೆ ದಾಟಿ ಬರಬೇಕು, ಒಳಗಿನ ಚಿಪ್ಪೂ ಅಗ್ಗವಾಗಿರಬೇಕು. ಹಾಗಾಗಿ ಇಂಥ ಬಲ್ಬುಗಳಲ್ಲಿ ಹೆಚ್ಚಿನವು 2.4 ರಲ್ಲೇ ಕೆಲಸ ಮಾಡುತ್ತವೆ. ಒಮ್ಮೆ ಸೇರಿಕೊಂಡರೆ ಫೋನು ಯಾವ ಬ್ಯಾಂಡಿನಲ್ಲಿದ್ದರೂ ತೊಂದರೆಯಿಲ್ಲ. ತೊಂದರೆ ಬರುವುದು ಮೊದಲ ಸಲ ಸೇರಿಸುವಾಗ. ಫೋನು 5 ರಲ್ಲಿ ಕೂತು ವೈಫೈ ಹೆಸರು, ಪಾಸ್‌ವರ್ಡು ದಾಟಿಸಲು ಹೋದರೆ, 2.4 ಮಾತ್ರ ಗೊತ್ತಿರುವ ಬಲ್ಬಿಗೆ ಅದು ಎಷ್ಟೋ ಸಲ ತಲುಪುವುದೇ ಇಲ್ಲ.

ಮೆಶ್‌ನ ಆ್ಯಪ್ ತೆರೆದು ಹುಡುಕಿದೆ. ಸೆಟ್ಟಿಂಗ್ಸ್‌ನ ಒಳಗೆಲ್ಲೋ ಮನೆಯ ಸಾಧನಗಳಿಗಾಗಿ ಬೇರೆ ನೆಟ್‌ವರ್ಕ್ ಮಾಡುವ ಆಯ್ಕೆ ಇತ್ತು. ಅದನ್ನು 2.4 ಕ್ಕೆ ಮಾತ್ರ ಇಟ್ಟೆ. ವೈಫೈ ಭದ್ರತೆಯನ್ನು ಹಳೇ ಪದ್ಧತಿಯಾದ ಡಬ್ಲ್ಯುಪಿಎ2 ಮಾಡಿದೆ, ಅಗ್ಗದ ಎಷ್ಟೋ ಬಲ್ಬುಗಳಿಗೆ ಹೊಸ ಡಬ್ಲ್ಯುಪಿಎ3 ಒಗ್ಗುವುದಿಲ್ಲ. ಹೆಸರೇನಿಡಲಿ ಅಂತ ಕೇಳಿದೆ. "ಧಾರವಾಡ" ಅಂದರು ಅಪ್ಪ. ಫೋನನ್ನು ಧಾರವಾಡಕ್ಕೆ ಸೇರಿಸಿ, ಸ್ವಿಚ್ಚನ್ನು ಪಟಪಟ ಆರಿಸಿ ಹಚ್ಚಿ ಬಲ್ಬು ಮಿಣುಕುವಂತೆ ಮಾಡಿದೆ. ಚಕ್ರ ತಿರುಗಿತು. ಬಲ್ಬು ಒಮ್ಮೆ ನಿಂತು, ಬೆಚ್ಚಗಿನ ಹಳದಿಯಲ್ಲಿ ಹತ್ತಿಕೊಂಡಿತು. ಅವ್ವ ಅಡುಗೆಮನೆಯಿಂದ "ಹತ್ತಿತೇನ?" ಅಂತ ಕೂಗಿದಳು.

ಎಲ್ಲ ಮೆಶ್‌ಗಳಲ್ಲೂ ಈ ಆಯ್ಕೆ ಇರುವುದಿಲ್ಲ. ಇಲ್ಲದವರು ಬಲ್ಬು ಸೇರಿಸುವಷ್ಟು ಹೊತ್ತು 5 ಅನ್ನು ಆರಿಸಬಹುದು. ಅದೂ ಇಲ್ಲದಿದ್ದರೆ ಬಲ್ಬನ್ನು ಮೆಶ್ ಡಬ್ಬಿಯಿಂದ ದೂರದ ಹೋಲ್ಡರಿಗೆ ಹಾಕಿ, ಫೋನನ್ನೂ ಅಲ್ಲಿಗೇ ಒಯ್ದು ಅದು ತಾನಾಗಿ 2.4 ಕ್ಕೆ ಇಳಿಯುವ ತನಕ ಕಾಯಬಹುದು. ಮನೆಗೆ ಬಂದವರಿಗೆಂದು ಇಡುವ ಗೆಸ್ಟ್ ನೆಟ್‌ವರ್ಕ್‌ಗೆ ಬಲ್ಬು ಹಾಕುವವರೂ ಇದ್ದಾರೆ. ಅಲ್ಲಿ ಸಾಮಾನ್ಯವಾಗಿ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆದಿರುತ್ತಾರೆ, ನೋಡಿಕೊಂಡು ಮಾಡಿ.

ಅಪ್ಪನ ರೇಡಿಯೋಗಳಲ್ಲಿ ಬ್ಯಾಂಡಿನ ಗುಂಡಿ ಸೆಟ್ಟಿನ ಮುಖದ ಮೇಲೇ ಇರುತ್ತಿತ್ತು. ಮೀಡಿಯಂ ವೇವ್, ಶಾರ್ಟ್ ವೇವ್ ಒಂದು, ಎರಡು. ಓದು ಬಾರದ ನಮ್ಮ ಅಜ್ಜಿಗೂ ಯಾವ ಕಡೆ ತಿರುಗಿಸಿದರೆ ಯಾವ ಸ್ಟೇಷನ್ ಅಂತ ಗೊತ್ತಿತ್ತು. ಈಗ ಬ್ಯಾಂಡುಗಳು ಇದ್ದೇ ಇವೆ, ಗುಂಡಿಯನ್ನು ಮಾತ್ರ ಒಳಗೆ ಬಚ್ಚಿಟ್ಟಿದ್ದಾರೆ. ಬಳಸುವವರಿಗೆ ಸುಲಭವಾಗಲಿ ಅಂತ ಮಾಡಿದ್ದು, ಒಪ್ಪುತ್ತೇನೆ. ದಿನನಿತ್ಯ ಸುಲಭವೇ. ಕೆಟ್ಟಾಗ ಮಾತ್ರ ಯಾರಿಗೂ ಏನೂ ಕಾಣುವುದಿಲ್ಲ. ಜೋಡಿಸಲು ಬಂದ ಹುಡುಗನಿಗೂ ಕಾಣಲಿಲ್ಲ. ಅವನಿಗೆ ಡಬ್ಬಿ ಎಲ್ಲಿಡಬೇಕು ಅಂತ ಕಲಿಸಿದ್ದಾರೆ, ಒಳಗೆ ಏನು ನಡೆಯುತ್ತದೆ ಅಂತ ಕಲಿಸಿಲ್ಲ. ಅಪ್ಪನ ಅಂಗಡಿಯಲ್ಲಿ ಸೆಟ್ಟನ್ನು ಗಿರಾಕಿಯ ಎದುರಿಗೇ ಬಿಚ್ಚುತ್ತಿದ್ದರು. "ಈ ಕಂಡೆನ್ಸರ್ ಹೋಗೈತಿ ನೋಡ್ರಿ" ಅಂತ ಕೈಗೆ ಕೊಟ್ಟು ತೋರಿಸುತ್ತಿದ್ದರು. ಹಳ್ಳಿಯಿಂದ ಬಂದ ರೈತ ಅದನ್ನು ತಿರುಗಿಸಿ ನೋಡಿ, ಮುಂದಿನ ಸಲ ತಾನೇ "ಕಂಡೆನ್ಸರ್ ಇರಬೇಕ್ರಿ" ಅನ್ನುತ್ತಿದ್ದ. ನಾನು ಅಂಗಡಿಯ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಾ ಇದನ್ನೆಲ್ಲ ಕೇಳಿ ಬೆಳೆದೆ. ಇಂಥವರಿಗೆ "ತಿಳಿಯಂಗಿಲ್ಲ, ಬಿಡ್ರಿ" ಅಂದದ್ದು ನನಗೆ ಈಗಲೂ ನುಂಗಲಾಗುತ್ತಿಲ್ಲ.

2.4 ಮಾತ್ರ ಅನ್ನುವ ಆ ಒಂದು ಸಾಲನ್ನು ಬಲ್ಬಿನ ಡಬ್ಬಿಯ ಮುಖದ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ ಹಾಕಬೇಕು. ವಿಜಯಪುರದಲ್ಲಿ ಮಾರುತ್ತೀರಿ ಅಂದ ಮೇಲೆ ಇಷ್ಟನ್ನಾದರೂ ಮಾಡಬೇಕು.

ಅಪ್ಪನಿಗೆ ಹುಡುಗನ ಮೇಲೆ ಸಿಟ್ಟಿಲ್ಲ. "ಫೋನ್ ಹಚ್ಚು, ಹೇಳೂಣು. ಮುಂದಿನ ಮನಿಯವ್ರು ಸುಮ್ನ ಬಲ್ಬ್ ವಾಪಸ್ ಕಳಸ್ತಾರ" ಅಂದರು. ಹಚ್ಚಿಕೊಟ್ಟೆ. ಹುಡುಗ ಮೊದಲು "ಹ್ಞೂಂ ರಿ, ಹ್ಞೂಂ ರಿ" ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ತಾನೇ ಕೇಳತೊಡಗಿದ. 5 ಯಾಕೆ ಗೋಡೆ ದಾಟುವುದಿಲ್ಲ, ಹಾಗಾದರೆ ಅದನ್ನು ಇಟ್ಟಿರುವುದೇಕೆ ಅಂತ. ಅಪ್ಪ 300 ರ ಲೆಕ್ಕ ಹೇಳಿಕೊಟ್ಟರು. ಉತ್ತರ ಕೊಡುವುದು ಅವರಿಗೆ ಎಷ್ಟು ಇಷ್ಟ ಅನ್ನುವುದು ನನಗೆ ಮರೆತೇಹೋಗಿತ್ತು.

ನಡುವೆ ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಎಲ್ಲ ಬಲ್ಬುಗಳೂ ಪೂರ್ತಿ ಬೆಳಕಿನಲ್ಲಿ ಹತ್ತಿ ಮನೆಮಂದಿಯನ್ನೆಲ್ಲ ಎಬ್ಬಿಸಿದವು. ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೇ ಮರಳಲಿ ಅನ್ನುವ ಆಯ್ಕೆ ಬಲ್ಬಿನ ಆ್ಯಪಿನಲ್ಲಿತ್ತು, ಹಾಕಿದೆ. ಗೋಡೆಯ ಸ್ವಿಚ್ ಆರಿಸಬೇಡ ಅಂತ ಅವ್ವನಿಗೆ ಹೇಳಿದ್ದೇನೆ, ಆದರೆ ಆಕೆಯ ಕೈ ಕೇಳುವುದಿಲ್ಲ. ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿದ್ದೇವೆ.

ಹಿತ್ತಲಿನ ಬಲ್ಬು ಮಾತ್ರ ಇನ್ನೂ ಆಗಾಗ ಆಫ್‌ಲೈನ್ ತೋರಿಸುತ್ತದೆ. ಹಿಂದಿನ ಮೆಶ್ ಡಬ್ಬಿ ಕಬ್ಬಿಣದ ಕಪಾಟಿನ ಮಗ್ಗುಲಲ್ಲಿದೆ, ಅಲೆ ಅಲ್ಲೇ ತಡೆಯುತ್ತದೆ ಅನ್ನುತ್ತಾರೆ ಅಪ್ಪ. ಅದನ್ನು ಎತ್ತರದಲ್ಲಿ, ಬಾಗಿಲಿಗೆ ನೇರವಾಗಿ ಇಡಬೇಕಂತೆ. ಅಲ್ಲಿರುವುದು ಉಪ್ಪಿನಕಾಯಿ ಭರಣಿಗಳ ಮಾಡ. ಅವ್ವ ಇನ್ನೂ ಒಪ್ಪಿಲ್ಲ.